ಬಣ್ಣದ ಖೋಲಿಗೆ ಹೋಗಬ್ಯಾಡ

ಸಹನಾ,

ಕೀಲಿ ತಗಿಯೂದಕ್ಕಿಂತ ಮೊದಲ ಇದನ್ನ ಪೂರ್ತಿ ಓದು. ನಿನ್ನ ಫೋನ್ ಹತ್ತವಲ್ದು. ಒಳಗ ಲೈಟ್ ಹಚ್ಚಬ್ಯಾಡ, ಗ್ಯಾಸೂ ಹಚ್ಚಬ್ಯಾಡ. ನಿಮ್ಮಪ್ಪಾರ ಖೋಲಿಯಾಗ ಬಣ್ಣಾ ತೆಳ್ಳಗ ಮಾಡೂ ಥಿನ್ನರ್ ಬಾಟ್ಲಿ ಉಳ್ಳಿ ಎಲ್ಲಾ ಚೆಲ್ಲೈತಿ, ಕಿಡಿ ಬಿದ್ರ ಹತ್ತಿಕೊಳ್ಳತೈತಿ. ಆ ಖೋಲಿಗೆ ಹೋಗದ ಉಳಿದ ಕಿಟಕಿ ಎಲ್ಲಾ ತಗದು, ವಾಸನಿ ಹೋಗೂತನಕ ಹೊರಗ ಕಟ್ಟಿ ಮ್ಯಾಲ ಕೂಡು.

ನೀ ತರಿಸಿಕೊಟ್ಟ ಪ್ಲಾಸ್ಟಿಕ್ ಫೈಟರ್ ವಿಮಾನಕ್ಕ ಬಣ್ಣಾ ಹೊಡಿಯಾಕ ಮುಂಜಾನೆ ಕುಂತಿದ್ರು. ಹಸಿ ಬಣ್ಣಕ್ಕ ಧೂಳಾ ಹತ್ತತೈತಿ ಅಂತ ಬಾಗಲಾ, ಕಿಟಕಿ ಎಲ್ಲಾ ಹಾಕ್ಕೊಂಡಿದ್ರು. ಸ್ಪ್ರೇ ಸಪ್ಪಳ ನಿಂತು ಭಾಳ ಹೊತ್ತಾದ್ರೂ ಊಟಕ್ಕ ಬರಲಿಲ್ಲ. ಕರದ್ರ ಓ ಅನಲಿಲ್ಲ. ಬಾಜೂಮನಿ ಗಾಳೇಶಣ್ಣ ಬಂದು ಬಾಗಲಾ ಒಡದ. ಟೇಬಲ್ ಕೆಳಗ ಬಿದ್ದಿದ್ರು, ತುಟಿ ನೀಲಿ ಆಗಿದ್ವು. ಹೋದ ವಾರನೂ ಹಿಂಗ ತಲಿ ತಿರುಗಿ ಬಿದ್ದಿದ್ರಂತ, ಗಾಳೇಶಣ್ಣ ಈಗ ಹೇಳತಾನ. ನನಗ ಒಬ್ಬರೂ ಹೇಳಲಿಲ್ಲ.

ಊರಾಗಿನ ದವಾಖಾನಿ ಡಾಕ್ಟರು ಕೊಪ್ಪಳದ ದೊಡ್ಡ ದವಾಖಾನಿಗೆ ಒಯ್ಯಿರಿ ಅಂದಾರ. ಆಧಾರ್ ಕಾರ್ಡು ತಗೊಳ್ಳಾಕ ಮನಿಗೆ ಬಂದೀನಿ, ಗಾಡಿ ಬಾಗಲಾಗ ನಿಂತೈತಿ.

ರೊಟ್ಟಿ ಗಾಳೇಶಣ್ಣನ ಮನಿಯಾಗ ಇಟ್ಟೀನಿ, ಉಪಾಸ ಬರಬ್ಯಾಡ. ನಿಮ್ಮಪ್ಪಾರ ಸ್ವೆಟರ್ ಮತ್ತ ಕನ್ನಡಕ ತಗೊಂಡು ಕುಕನೂರು ಮ್ಯಾಲ ಕೊಪ್ಪಳಕ್ಕ ಹೋಗೂ ಬಸ್ಸು ಹತ್ತು. ನೀ ವಿಮಾನ ತರಿಸಿದ್ದಕ್ಕ ಹಿಂಗಾತು ಅಂತ ಮನಸಿಗೆ ಹಚ್ಕೋಬ್ಯಾಡ. ಅದು ಬಂದ ಮ್ಯಾಲ ಅವರು ನಕ್ಕೋಂತ ಇದ್ರು.

ಇನ್ನೊಂದು ಮಾತು. ದವಾಖಾನಿಯಾಗ ಕಣ್ಣು ತಗದ್ರು. "ಏನ್ರಿ, ನನ್ನ ಗುರುತು ಸಿಕ್ಕಿತೇನು?" ಅಂತ ಕೇಳಿದೆ. ಭಾಳ ಹೊತ್ತು ನನ್ನ ಮಾರಿ ನೋಡಿ, "ಯಾರ ಮನಿಯಾಕಿ ಅವ್ವಾ ನೀ?" ಅಂದ್ರು.

ನಿನ್ನನ್ನರ ಗುರುತು ಹಿಡೀತಾರೇನೋ. ಲಗೂನ ಬಾ.

ಅವ್ವ