ಕೋಳಿ ಮಾರುವವಳ ಮುಖ

ಶಿಲ್ಪಿ ಮೆನೊಫಿಲೋಸ್ ಅವರಿಗೆ, ರೋಮಿನ ಸಂತೆಯಲ್ಲಿ ಕೋಳಿ ಮಾರುವ ತೆರ್ತುಲ್ಲಳ ವಂದನೆಗಳು.

ಮೊನ್ನೆ ನಿಮ್ಮ ಅಂಗಳದಲ್ಲಿ ನನ್ನ ಅಮೃತಶಿಲೆಯ ವಿಗ್ರಹ ನೋಡಿ ಬಾಯಿಗೆ ಬಂದಂತೆ ಬೈದುಬಿಟ್ಟೆ. ಕತ್ತಿನ ನರ, ಜೋತ ಎದೆ, ಗೂನು ಬೆನ್ನು, ಒಂದನ್ನೂ ನೀವು ಬಿಟ್ಟಿರಲಿಲ್ಲ. ನಿಮ್ಮ ಗ್ರೀಕರ ಹಳೆಯ ಪದ್ಧತಿಯೇ ಹಾಗಂತೆ.

ನೀವು ಒಳಗೆ ಹೋದ ಮೇಲೆ, ನನ್ನ ಜೊತೆಗೆ ಬಂದಿದ್ದ ಮೀನು ಮಾರುವ ವಿಬಿಯ, "ದೇವತೆ ಥರ ಮಾಡ್ತಾನೆ ಅಂದ್ಕೊಂಡಿದ್ಯೇನೇ ಮುದುಕಿ?" ಎಂದು ನಕ್ಕಳು. ಆಮೇಲೆ ಅವಳೇ ವಿಗ್ರಹದ ಮುಂದೆ ಕುಕ್ಕರುಗಾಲಲ್ಲಿ ಕೂತು, ತಲೆಯೆತ್ತಿ ಮುಖ ನೋಡಿದಳು.

"ನಿನ್ ಕಣ್ಣು ಇಷ್ಟು ಚೆನ್ನಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ" ಎಂದಳು. ಇಪ್ಪತ್ತು ವರ್ಷ ನನ್ನ ಪಕ್ಕದಲ್ಲೇ ಬುಟ್ಟಿ ಇಟ್ಟವಳು!

ನನ್ನ ಬೆನ್ನು ಬಗ್ಗಿದ ಮೇಲೆ, ಮುಖ ನೋಡಲೆಂದು ನೆಲಕ್ಕೆ ಕೂತವರು ನೀವೊಬ್ಬರೇ. ನಿಮ್ಮ ಕೈ ತಣ್ಣಗಿರಲಿ. ನೋಡಿಕೊಂಡು ಕೆತ್ತಲು ಒಯ್ದ ನನ್ನ ಕೋಳಿ ನಿಮಗೇ ಇರಲಿ, ದಿನಾ ಮೊಟ್ಟೆ ಇಡುತ್ತದೆ.

ಒಂದೇ ಕೋರಿಕೆ. ವಿಗ್ರಹ ಮಾಡಿಸಿದ ಧಣಿಗಳ ತೋಟದಲ್ಲಿ ನನ್ನನ್ನು ನಿಲ್ಲಿಸುವಾಗ ಎದೆಯೆತ್ತರದ ಪೀಠ ಹಾಕಿಸಿ. ಅಲ್ಲಿಗೆ ಬರುವವರು ಬಗ್ಗುವ ಪೈಕಿಯಲ್ಲ.

ಹೇಳಿ ಬರೆಸಿದವಳು,
ತೆರ್ತುಲ್ಲ