ಮರದ ಮೊದಲ ಹಣ್ಣು

ಫೆಬ್ರವರಿ 11

ಏಳು ಗಂಟೆಗೇ ಲ್ಯಾಬ್ ಮುಂದೆ ಜನ. ಎಲ್ಲ ಫಾಸ್ಟಿಂಗ್ ಶುಗರ್. ಹರಿಹರಪುರದ ಅಜ್ಜಿಯೊಬ್ಬರು ಕಾಫಿ ಕುಡಿದೇ ಬಂದಿದ್ದರು. "ಸಕ್ಕರೆ ಹಾಕಿರ್ಲಿಲ್ಲ ಮಾರಾಯ್ತಿ, ಬೆಲ್ಲ." ನಾಳೆ ಬನ್ನಿ ಎಂದು ಕಳಿಸಿದೆ.

ಮಧ್ಯಾಹ್ನ ಕಟ್ಟಡದ ಮಾಲೀಕರು ಬಂದರು. ಕೆಡವಿ ಹೊಸದು ಕಟ್ಟಿಸುತ್ತಾರಂತೆ. ದೀಪಾವಳಿಯೊಳಗೆ ಖಾಲಿ ಮಾಡಿಕೊಡಿ ಎಂದರು, ವಿನಯದಿಂದಲೇ.

ಕೊಪ್ಪದಲ್ಲಿ ಇಂಥ ಜಾಗ ಮತ್ತೆ ಸಿಗುವುದು ಕಷ್ಟ. ಜಯಪುರದ ಪೇಟೆಯಲ್ಲಿ ನನ್ನದೇ ಮನೆ ಇದೆ, ಅಪ್ಪ ನನ್ನ ಹೆಸರಿಗೆ ಬರೆದದ್ದು. ಅಲ್ಲಿ ಲಕ್ಷ್ಮೀಶ ಇದ್ದಾನೆ. ಅವನ ಅಪ್ಪ ಬೂತಪ್ಪನನ್ನು ಮನೆ ನೋಡಿಕೊಂಡಿರಲು ಅಪ್ಪನೇ ಕೂರಿಸಿದ್ದು, ಬಾಡಿಗೆಯಿಲ್ಲದೆ. ಬೂತಪ್ಪ ತೀರಿಕೊಂಡ ಮೇಲೂ ಮಗ, ಸೊಸೆ ಮಾಲತಿ ಅಲ್ಲೇ ಉಳಿದರು. ನಾನೂ ಏನೂ ಕೇಳಲಿಲ್ಲ.

ಫೆಬ್ರವರಿ 16

ಜಯಪುರಕ್ಕೆ ಹೋಗಿದ್ದೆ. ಮುಂದಿನ ರೂಮಿನಲ್ಲಿ ಮೊಬೈಲ್ ಅಂಗಡಿ! ಲಕ್ಷ್ಮೀಶನೇ ಬಾಡಿಗೆಗೆ ಕೊಟ್ಟಿದ್ದಾನೆ.

"ಲ್ಯಾಬಿಗೆ ಮನೆ ಬೇಕಿತ್ತು ಲಕ್ಷ್ಮೀಶ. ದೀಪಾವಳಿವರೆಗೆ ಟೈಮ್ ಇದೆ."

"ಯಾವ ಮನೆ ಮೇಡಂ?"

"ಇದೇ."

"ಇದು ನಾವಿರೋ ಮನೆ ಅಲ್ದಾ? ನಾ ಹುಟ್ಟಿದ್ದೇ ಇಲ್ಲಿ. ಬೇಕಾದ್ರೆ ಪೇಟೆಲಿ ಯಾರನ್ನಾದ್ರೂ ಕೇಳಿ."

ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನ ಟೈಮ್ ಹೇಳುವ ಹಾಗೆ ಹೇಳಿದ. ಮಾಲತಿ ನೀರು ತಂದುಕೊಟ್ಟು ಬಾಗಿಲ ಹಿಂದೆ ನಿಂತಳು. ಲೋಟ ಕೈಯಲ್ಲಿ ಹಿಡಿದು ಯೋಚಿಸಿದೆ — ಇಲ್ಲಿ ನಾನು ಯಾರು? ಮಾಲೀಕಳೋ, ನೆಂಟಳೋ?

ಫೆಬ್ರವರಿ 20

ಚಿಕ್ಕಪ್ಪನ ಮಗ ಯಶವಂತನ ಸಲಹೆ: "ಅವ್ರು ಮದುವೆ-ಗಿದುವೆಗೆ ಹೋದಾಗ ಬೀಗ ಜಡಿ ಅಕ್ಕ. ಕರೆಂಟ್ ತೆಗೆಸು. ಎರಡು ದಿನ ಕತ್ತಲಲ್ಲಿ ಕೂತ್ರೆ ತಾವೇ ಜಾಗ ಬಿಡ್ತಾರೆ."

ವಕೀಲ ಸುಂದರೇಶರಿಗೆ ಹೇಳಿದರೆ ನಕ್ಕರು. "ಹಾಗೆ ಮಾಡಿ ನೋಡಿ. ಅವರು ಕೋರ್ಟಿಗೆ ಹೋಗಿ ಮತ್ತೆ ಅದೇ ಮನೆಗೆ ಬಂದು ಕೂರ್ತಾರೆ. ಮನೆ ನಿಮ್ಮದೇ ಆದ್ರೂ!"

ದಾರಿ ನಿಧಾನದ್ದು. ಮೊದಲು ನೋಟಿಸ್. ಆಮೇಲೆ ದಾವಾ. ಗೆದ್ದು ಡಿಕ್ರಿ ಬಂದರೂ ಬಾಗಿಲು ತೆಗೆಸುವವರು ಕೋರ್ಟಿನ ಅಮೀನರು, ನಾನಲ್ಲ. ಕೇಳಿ ಸಮಾಧಾನವಾಯಿತು. ಯಶವಂತನ ಮಾತು ಒಂದು ಗಳಿಗೆ ನನಗೆ ಹಿಡಿಸಿತ್ತು, ಅದಕ್ಕೇ ಇರಬೇಕು.

ಮಾರ್ಚ್ 5

ನೋಟಿಸಿಗೆ ಸಹಿ ಹಾಕಿದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕೋರ್ಟಿನ ಕನ್ನಡ ಸಲೀಸಲ್ಲ. ಎರಡು ಸಲ ಓದಿದೆ. 'ಸದರಿಯವರಿಗೆ ನೀಡಿದ್ದ ಅನುಮತಿಯನ್ನು ಹಿಂಪಡೆಯಲಾಗಿದ್ದು...' ತಿಂಗಳೊಳಗೆ ಬಿಡದಿದ್ದರೆ 'ಅನಧಿಕೃತ ಸ್ವಾಧೀನ'.

ಅನುಮತಿ — ಅಪ್ಪ ಆ ಪದ ಆಡಿರಲಾರರು. "ಇರು ಬೂತ, ಮನೆ ಬಿದ್ದುಹೋಗೋದು ಬೇಡ" ಎಂದಿರಬೇಕು, ಅಷ್ಟೇ.

ಏಪ್ರಿಲ್ 12

ಉತ್ತರ ಬಂತು, ಅವನ ವಕೀಲರಿಂದ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತಮ್ಮದೇ ಎಂದು ಎಲ್ಲರ ಕಣ್ಣೆದುರು ಅನುಭವಿಸಿದ್ದಾರಂತೆ. ನನ್ನನ್ನಾಗಲಿ ಅಪ್ಪನನ್ನಾಗಲಿ ಮಾಲೀಕರೆಂದು ಯಾವತ್ತೂ ಒಪ್ಪಿಲ್ಲವಂತೆ.

"ಇದೇ ಅವರ ಹಿಡಿತ" ಎಂದರು ಸುಂದರೇಶ್. "ಬರೀ ಇದ್ದರೆ ಸಾಲದು. ಮಾಲೀಕರನ್ನ ಒಪ್ಪದೆ ಹನ್ನೆರಡು ವರ್ಷ ಇದ್ರೆ ಹಕ್ಕು ಕೇಳಬಹುದು. ಒಪ್ಪಿದ್ರು ಅನ್ನೋಕೆ ಎಂತಾದ್ರೂ ಇದೆಯಾ? ಕೊಟ್ಟಿದ್ದು, ತಂದಿದ್ದು?"

ಜಯಪುರದ ಮನೆಯ ಹಿತ್ತಲಲ್ಲಿ ಒಂದು ಬಕ್ಕೆ ಹಲಸು ಇದೆ. ಮರದ ಮೊದಲ ಹಣ್ಣು ನಮ್ಮ ಮನೆಗೆ ಬರಬೇಕು, ಆಮೇಲೇ ಅವರು ತಿನ್ನುವುದು. ಬೂತಪ್ಪ ಹೊತ್ತು ತರುತ್ತಿದ್ದ, ಆಮೇಲೆ ಲಕ್ಷ್ಮೀಶ. ಯಾರೂ ವಿಧಿಸಿದ್ದಲ್ಲ, ನಡೆದು ಬಂದದ್ದು. ಹೋದ ವರ್ಷವೂ ಬಂದಿತ್ತು.

ಸುಂದರೇಶ್ ಪೆನ್ನು ಕೆಳಗಿಟ್ಟರು. "ಇದನ್ನ ಮೊದಲೇ ಹೇಳೋದಲ್ವಾ! ಈ ಸಲ ತಂದ್ರೆ ಫೋಟೋ ತೆಗೀರಿ. ಹತ್ತಿರ ಯಾರಾದ್ರೂ ಇರ್ಲಿ."

ತರುವುದಿಲ್ಲ. ಅವನ ವಕೀಲರೂ ಇದನ್ನೇ ಕೇಳಿರುತ್ತಾರೆ.

ಮೇ 9

ದಾವಾ ಹಾಕಿದ್ದಾಯಿತು. ಹಲಸು ಬಂದಿಲ್ಲ. ಕಾಯುತ್ತಿದ್ದೇನೆಯೇ? ಹಣ್ಣಿಗೋ, ಸಾಕ್ಷಿಗೋ...

ಮೇ 27

ಬೆಳಿಗ್ಗೆ ಮಾಲತಿ ಬಂದಳು. ಒಬ್ಬಳೇ. ಸಿಮೆಂಟ್ ಚೀಲದಲ್ಲಿ ಹಣ್ಣು.

"ಕಂಡಕ್ಟರ್ ಇದಕ್ಕೂ ಟಿಕೆಟ್ ಕೇಳ್ದ ಅಕ್ಕ. ಮಡಿಲಲ್ಲಿ ಕೂರ್ಸ್ಕೊಂಡಿದೇನೆ, ಕೂಸಿಗೆ ಟಿಕೆಟ್ ಕೇಳ್ತೀಯಾ ಅಂದೆ."

ಲ್ಯಾಬಿನ ಗಾನವಿ ಜೋರಾಗಿ ನಕ್ಕಳು. ನಾನೂ ನಕ್ಕೆ.

"ಲಕ್ಷ್ಮೀಶನಿಗೆ ಗೊತ್ತಾ?"

"ಇಲ್ಲ. ಈ ವರ್ಷ ಕೊಡೋದು ಬ್ಯಾಡ ಅಂದ್ರು. ಪ್ರತಿ ವರ್ಷ ಕೊಟ್ಟು, ಈಗ ಕೊಡದೆ ಹೆಂಗೆ ತಿನ್ನೋದು? ಗಂಟ್ಲಲ್ಲಿ ಇಳೀಬೇಕಲ್ಲ. ಅವ್ರಿಗೆ ಹೇಳ್ಬೇಡಿ."

ಫೋನ್ ನನ್ನ ಕೈಯಲ್ಲಿತ್ತು. ಎತ್ತಿದೆ. ಅವಳು ಸೆರಗು ಸರಿ ಮಾಡಿಕೊಂಡಳು, ಹಣ್ಣನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದಳು. "ನಾ ಚೆಂದ ಬರಲ್ಲ" ಎಂದು ನಗುತ್ತಲೇ ಇದ್ದಳು.

ತೆಗೆದೆ.

ಮೇ 29

ಲ್ಯಾಬ್ ತುಂಬ ಹಲಸಿನ ವಾಸನೆ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಶಿಕ್ಷೆ. "ಇದೆಂತ ಪರೀಕ್ಷೆ ಮಾಡ್ತೀರಿ ನೀವು?" ಎಂದು ಒಬ್ಬರು ರೇಗಿದರು. ಗಾನವಿಗೆ ಕೊಯ್ದುಕೋ ಎಂದೆ. ನಾನು ತಿನ್ನಲಿಲ್ಲ.

ಫೋಟೋ ಸುಂದರೇಶರಿಗೆ ಕಳಿಸಿಲ್ಲ. ಎರಡು ಸಲ ಅವರ ನಂಬರ್ ತೆಗೆದು ಮುಚ್ಚಿದೆ. ಮನೆ ನನ್ನದು, ಅದರಲ್ಲಿ ಅನುಮಾನವಿಲ್ಲ. ನಿಜ ಹೇಳುವ ಫೋಟೋ ಅದು. ಆದರೂ ಅದರಲ್ಲಿ ನಗುತ್ತಿರುವವಳಿಗೆ ತಾನು ಸಾಕ್ಷಿ ಎಂದು ಗೊತ್ತಿಲ್ಲ.

ಆಗಸ್ಟ್ 21

ಕೋರ್ಟು ಮಧ್ಯಸ್ಥಿಕೆಗೆ ಕಳಿಸಿದೆ. ಒಪ್ಪಂದವಾದರೆ ಅದೇ ಡಿಕ್ರಿ. ಆಗದಿದ್ದರೆ ಸಾಕ್ಷಿ, ವಾದ — ವರ್ಷಗಟ್ಟಲೆ. "ಹಲಸು ಬಂತಾ?" ಎಂದರು ಸುಂದರೇಶ್. ನಾಳೆ ಹೇಳುತ್ತೇನೆ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

ಆಗಸ್ಟ್ 22

ಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಮಾಲತಿ ಸಿಕ್ಕಳು, ತೋಟದ ಕೆಲಸ ಮುಗಿಸಿ ಬರುತ್ತಿದ್ದಳು. ಎಲ್ಲ ಹೇಳಿದೆ. ಆ ಫೋಟೋ ಯಾಕೆ ತೆಗೆದೆ, ಕೋರ್ಟಿನಲ್ಲಿ ಅದಕ್ಕೇನು ಅರ್ಥ. ಕೇಳಿದರೆ ತೋರಿಸದೆ ಇರಲಾರೆ ಎಂದೂ ಹೇಳಿದೆ.

ಅವಳು ಅಲ್ಲೇ ಬೆಂಚಿನ ಮೇಲೆ ಕೂತಳು. "ನಾ ಹಣ್ಣು ತಂದಿದ್ದು ಅಕ್ಕ. ನೀವು ಅದ್ರಲ್ಲಿ ಮನೆ ನೋಡಿದ್ರಿ."

ಕೈಯಲ್ಲಿದ್ದ ಫೋನನ್ನು ಬ್ಯಾಗಿಗೆ ಹಾಕಿದೆ.

"ನೀವು ನಮ್ಮನೆಯವ್ರಿಗೆ ಎಂತದೂ ಹೇಳ್ಬೇಡಿ" ಎಂದಳು, ಎದ್ದು. "ಹೇಳೋದಿದ್ರೆ ನಾನೇ ಹೇಳ್ತೇನೆ."

ಸುಂದರೇಶರಿಗೆ ಫೋಟೋ ಕಳಿಸಿದೆ. ಮಧ್ಯಸ್ಥಿಕೆಯ ದಿನದವರೆಗೆ ಬಳಸಬೇಡಿ ಎಂದು ಬರೆದೆ. 'ಕಕ್ಷಿದಾರರು ಹೀಗಿದ್ದರೆ ನಮ್ಮ ಹೊಟ್ಟೆಪಾಡು ಹೇಗೆ' ಎಂದು ಉತ್ತರ ಬಂತು.

ಸೆಪ್ಟೆಂಬರ್ 24, ಬೆಳಿಗ್ಗೆ 8

ಇವತ್ತು ಹನ್ನೊಂದಕ್ಕೆ ಮಧ್ಯಸ್ಥಿಕೆ. ಲ್ಯಾಬ್ ಬಾಗಿಲು ತೆಗೆಯುವಾಗ ಲಕ್ಷ್ಮೀಶ ಮೆಟ್ಟಿಲ ಮೇಲೆ ಕೂತಿದ್ದ.

"ಫೋಟೋ ಇದೆಯಂತಲ್ಲ. ತೋರ್ಸಿ ನೋಡಣ."

ಫೋನ್ ಕೊಟ್ಟೆ. ಬೆರಳಿಂದ ದೊಡ್ಡದು ಮಾಡಿ ನೋಡಿದ. ಕಿತ್ತು ಎಸೆಯುತ್ತಾನೇನೋ ಎಂದುಕೊಂಡೆ.

"ಚೆಂದ ಬಂದಿದಾಳೆ" ಎಂದ. ಆಮೇಲೆ, "ನಾಲ್ಕು ದಿನ ಮಾತು ಬಿಟ್ಟಿದ್ವಿ. ಕೋರ್ಟಲ್ಲಿ ಕೇಳಿದ್ರೆ ನಾನೇ ಕೊಟ್ಟೆ ಅಂತೀನಿ ಅಂದ್ಲು. ಅವಳನ್ನ ಸುಳ್ಳುಗಾತಿ ಮಾಡಿ ಆ ಮನೇಲಿ ಹೆಂಗೆ ಇರ್ಲಿ?"

ನಾನು ಯೋಚಿಸಿಟ್ಟಿದ್ದನ್ನು ಹೇಳಿದೆ. ಮುಂದಿನ ರೂಮು ದೀಪಾವಳಿಯೊಳಗೆ ಬೇಕು. ಹಿಂದಿನ ಎರಡು ರೂಮಿನಲ್ಲಿ ಐದು ವರ್ಷ ಇರಲಿ. ಆದರೆ ನನ್ನ ಒಪ್ಪಿಗೆಯಿಂದ ಇದ್ದೇವೆ ಎಂದು ಸಹಿ ಹಾಕಬೇಕು, ಇಬ್ಬರೂ. ಆಮೇಲೆ ಬಿಡಬೇಕು. ಅದೂ ಬರವಣಿಗೆಯಲ್ಲಿ.

"ಐದು ಕಮ್ಮಿ ಆಯ್ತು."

"ಏಳು."

"ಮೊಬೈಲ್ ಅಂಗಡಿಯವ ಸುಮ್ನೆ ಬಿಡಲ್ಲ. ನಾನೇ ಮಾತಾಡ್ಬೇಕು ಅವನ ಹತ್ರ." ತಲೆ ಕೆರೆದುಕೊಂಡ. ಬೇಡ ಎನ್ನಲಿಲ್ಲ.

ಈಗ ಪೇಶಂಟುಗಳ ಬೆಂಚಿನಲ್ಲಿ ಕೂತು ಗಾನವಿ ಕೊಟ್ಟ ಕಾಫಿ ಕುಡಿಯುತ್ತಿದ್ದಾನೆ. ಮಾಲತಿ ಮುಂದಿನ ಬಸ್ಸಿಗೆ ಬರುತ್ತಾಳಂತೆ. ಮೂವರೂ ಒಂದೇ ಆಟೋದಲ್ಲಿ ಹೋದರೆ ನೋಡಿದವರು ಏನೆಂದುಕೊಳ್ಳಬಹುದು? ಅದಕ್ಕೂ ಮೊದಲು ಸುಂದರೇಶರಿಗೆ ಫೋನ್ ಮಾಡಬೇಕು, ಏಳು ವರ್ಷ ಎಂದರೆ ಬೈಯುತ್ತಾರೆ, ಬೈಯಲಿ — ಬಸ್ಸು ಬಂತು, ಅವಳು ಇಳಿಯುತ್ತಿದ್ದಾಳೆ.