ಮೂಸುವ ಕೆಲಸ

ಇವರೇ,

ನೀವಿದ್ದಿದ್ದರೆ ಇದನ್ನ ಹೇಳೋ ಧೈರ್ಯ ನನಗೆಲ್ಲಿ ಬರ್ತಿತ್ತು? ಇವತ್ತು ತಂಗಿ ಜೊತೆ ಜಿನ್ ಭಟ್ಟಿ ನೋಡಕ್ಕೆ ಹೋಗಿದ್ದೆ. ತಾಮ್ರದ ಹಂಡೆ ಎಲ್ಲಿ ಸಿಡಿಯುತ್ತೋ ಅಂತ ಬಾಗಿಲ ಹತ್ತಿರವೇ ನಿಂತಿದ್ದೆ. ಭಟ್ಟಿಯೆಲ್ಲ ಸುತ್ತಿ ತೋರಿಸುತ್ತಿದ್ದ ಹುಡುಗಿ ಪುಟ್ಟ ಲೋಟ ಕೊಟ್ಟು, "ಮೊದಲು ಮೂಸಿ ಆಂಟಿ, ಆಮೇಲೆ ಗುಟುಕು" ಅಂದಳು.

"ಮೂಸೋದ್ರಲ್ಲಿ ನಮ್ಮಕ್ಕನ್ನ ಮೀರಿಸೋರಿಲ್ಲ ಬಿಡಮ್ಮ. ಭಾವನ್ನ ದಿನಾ ಬಾಗಿಲಲ್ಲೇ ನಿಲ್ಲಿಸಿ ಊದಿಸ್ತಿದ್ಲು" ಅಂದುಬಿಟ್ಟಳು ತಂಗಿ.

ನೋಡಕ್ಕೆ ಬಂದಿದ್ದವರೆಲ್ಲ ಗೊಳ್ಳೆಂದು ನಕ್ಕರು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಲೋಟದಲ್ಲಿ ನಿಂಬೆಸಿಪ್ಪೆ, ಕೊತ್ತಂಬರಿ ಬೀಜದ ಘಮ. ಕುಡಿದೆ. ಚೆನ್ನಾಗಿತ್ತು ಕಣ್ರೀ. ಇನ್ನೊಂದು ಕೇಳಿದೆ.

ಮನೆಗೆ ಬಂದೆ. ಬೀಗ ನಾನೇ ಹಾಕಿದ್ದು, ಒಳಗೆ ಯಾರಿದ್ದಾರೆ? ಆದರೂ ನಿಮ್ಮ ಹಾಗೆ ಮೆಟ್ಟಿಲ ಮೇಲೆ ಕೂತು, ಏಲಕ್ಕಿ ಪೂರ್ತಿ ಅಗಿದು, ಬಾಯಿ ಒರೆಸಿಕೊಂಡೇ ಬಾಗಿಲು ತೆಗೆದೆ.